ಮೊದಲನೆಯವನಿಗೆ ಕೊನೆಯವನ ತೀರ್ಪು

ಶುಕ್ರವಾರ ಬೆಳಗಾದರೆ ನಾನು ಎರಡು ಹಳೆಯ ಏಸಿ ಕ್ಯಾಟಲಾಗುಗಳನ್ನು ಕಾಲುಚೀಲದೊಳಗೆ ತುರುಕಿಕೊಳ್ಳುತ್ತಿದ್ದೆ. ಅದನ್ನು ಕಂಡು ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ನೀವೂ ನಗಿ ಸ್ನೇಹಿತರೇ, ಅಡ್ಡಿಯಿಲ್ಲ. ನಲವತ್ತು ದಾಟಿದ ಮೈಸೂರಿನ ಗುಮಾಸ್ತನೊಬ್ಬ ದೋಹಾದಲ್ಲಿ ಹಾಕಿ ಆಡಹೊರಟರೆ ಮುಂಗಾಲಿನ ಮೂಳೆಗೆ ಏನಾದರೊಂದು ರಕ್ಷಣೆ ಬೇಡವೇ?

ಹೊಸ ಶತಮಾನ ಇನ್ನೂ ಎಳೆಯದಾಗಿದ್ದ ಆ ವರ್ಷಗಳಲ್ಲಿ ದೋಹಾದ ಅಲ್ ಅಜೀಜಿಯಾ ಬಡಾವಣೆಯ ಆಚೆಯ ಗಟ್ಟಿ ಮಣ್ಣಿನ ಬಯಲಿನಲ್ಲಿ ನಾವು ಕನ್ನಡಿಗರು ನಾಲ್ಕು ತಂಡ ಕಟ್ಟಿಕೊಂಡಿದ್ದೆವು. ಊರು, ಜಾತಿ ನೋಡಿ ಗುಂಪಾಗಬಾರದೆಂದು ನಾಯಕರು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸುವ ಪದ್ಧತಿ. ಮೊದಲ ಆಯ್ಕೆಯ ಭಾಗ್ಯ ಯಾರಿಗೋ, ಕೊನೆಗೆ ಉಳಿದವನನ್ನು ಹೊರುವ ಕರ್ಮವೂ ಅವರಿಗೇ. ಹಾಗಾಗಿ ಆ ವರ್ಷ ಉಡುಪಿಯ ಲೋಬೋ ನಾಯಕರಾಗಿದ್ದ ತಂಡಕ್ಕೆ ಮೊದಲಿಗನಾಗಿ ಕೊಡಗಿನ ನಾಣಯ್ಯ ಬಂದ, ಕೊನೆಯವನಾಗಿ ನಾನು ಬಂದೆ. ಇನ್ನೊಂದು ವಿಚಿತ್ರ ನಿಯಮವೂ ಇತ್ತು: ಋತು ಮುಗಿದ ಮೇಲೆ, ಮೊದಲು ಆರಿಸಲ್ಪಟ್ಟವನು ನಿರೀಕ್ಷೆ ಮುಟ್ಟಿದನೇ ಎಂದು ಕೊನೆಗೆ ಉಳಿದವನೇ ಎದ್ದು ನಿಂತು ಹೇಳಬೇಕು. ಅವನು ಇಲ್ಲವೆಂದರೆ, ನಾಲ್ಕೂ ತಂಡಗಳಿಂದ ಕೂಡಿಸಿ ಬಹ್ರೇನಿಗೆ ಆಡಲು ಕಳಿಸುವ ತಂಡದಲ್ಲಿ ಮೊದಲಿಗನಿಗೆ ಜಾಗವಿಲ್ಲ.

ನಾಣಯ್ಯನಿಗೆ ಆ ಜಾಗ ಬೇಕೇಬೇಕಿತ್ತು. ಅವನ ಅಣ್ಣ ಬಹ್ರೇನಿನಲ್ಲಿ ಕೆಲಸಕ್ಕಿದ್ದ, ಅಲ್ಲಿಯ ತಂಡಕ್ಕೆ ಆಡುತ್ತಿದ್ದ. ಇಬ್ಬರ ರಜೆಗಳು ಒಂದಕ್ಕೊಂದು ಕೂಡಿಬರದೆ, ನಡುವೆ ಒಂದು ತುಂಡು ಸಮುದ್ರವಷ್ಟೇ ಇದ್ದರೂ ಅಣ್ಣತಮ್ಮ ಮುಖ ನೋಡಿ ನಾಲ್ಕು ವರ್ಷವಾಗಿತ್ತು.

ಕೊಡಗಿನವನೆಂದರೆ ಮುಗಿಯಿತು, ಮುಂದೆ ನಿಂತು ಗೋಲಿನ ಸುರಿಮಳೆ ಸುರಿಸುತ್ತಾನೆಂದು ನಮ್ಮೆಲ್ಲರ ಲೆಕ್ಕಾಚಾರ. ಆದರೆ ಇಡೀ ಋತುವಿಗೆ ಅವನು ಹೊಡೆದದ್ದು ಮೂರೇ ಗೋಲು. ಮುಂದೆ ನಿಲ್ಲಿಸಿದರೆ ಹೇಗೋ ಹಿಂದಕ್ಕೆ ಜಾರಿಬಿಡುತ್ತಿದ್ದ. "ಎಂತ ಮಾರಾಯ, ಬಾಲ್ ಕಂಡ್ರೆ ಹೆದರಿಕೆಯಾ?" ಎಂದು ಲೋಬೋ ಗದರುತ್ತಿದ್ದರು. ಗೊಣಗುವುದರಲ್ಲಿ ನಾನೇನೂ ಕಡಿಮೆಯಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನನಗೆ ನೆಲದ ಬದಲು ನಾಣಯ್ಯ ಸಿಕ್ಕಿದ್ದ.

ಕೊನೆಯ ಪಂದ್ಯದಲ್ಲಿ ನಮ್ಮ ಹಿಂಬದಿಯ ಆಟಗಾರನ ಪಾದ ಉಳುಕಿತು. ಗತಿಯಿಲ್ಲದೆ ಲೋಬೋ ನಾಣಯ್ಯನನ್ನು ಅಲ್ಲಿಗೆ ಅಟ್ಟಿದರು. ಅಬ್ಬಾ, ಆಮೇಲಿನ ಅರ್ಧ ಗಂಟೆಯನ್ನು ಹೇಗೆ ಬಣ್ಣಿಸಲಿ! ಎದುರಾಳಿ ಎತ್ತ ತಿರುಗುವನೆಂದು ಅವನಿಗಿಂತ ಮೊದಲೇ ತಿಳಿದವನಂತೆ ನಾಣಯ್ಯ ಸ್ಟಿಕ್ ಚಾಚುತ್ತಿದ್ದ, ಚೆಂಡು ಸದ್ದಿಲ್ಲದೆ ಅವನ ವಶವಾಗುತ್ತಿತ್ತು. ಒಂದೂ ಅವನನ್ನು ದಾಟಲಿಲ್ಲ.

"ಅಲ್ಲಯ್ಯಾ, ಹಿಂದೆ ಆಡೋನು ಅಂತ ಮೊದಲೇ ಬಾಯಿಬಿಡಬಾರದಾಗಿತ್ತಾ?" ಎಂದೆ.

"ಯಾರೂ ಕೇಳಲಿಲ್ಲ ಸಾರ್. ದೊಡ್ಡವರು ನೀವು ಮುಂದೆ ನಿಲ್ಲು ಅಂದ್ರಿ, ನಿಂತೆ."

ನಾಚಿಕೆಯಾಯಿತು. ಮನುಷ್ಯನ ಊರು ಕೇಳುತ್ತೇವೆ, ಮನೆತನ ಕೇಳುತ್ತೇವೆ, ಯಾವ ಕಂಪನಿ, ಯಾವ ವೀಸಾ ಎಂದೆಲ್ಲ ಕೆದಕುತ್ತೇವೆ. ನಿನಗೆ ಏನು ಬರುತ್ತದಪ್ಪಾ ಎಂಬೊಂದು ಮಾತನ್ನು ಮಾತ್ರ ಕೇಳುವುದಿಲ್ಲ. ಮುಂದಿನ ಶುಕ್ರವಾರ ಊಟದ ಸಭೆಯಲ್ಲಿ "ಮೂರು ಗೋಲು, ಖಲಾಸ್!" ಎಂದು ಯಾರೋ ಕೂಗಿದಾಗ ನಾನು ಎದ್ದು ನಿಂತೆ. ಗಂಟಲೆತ್ತಿ ಹೇಳಿದೆ: "ಇವನು ನಿರೀಕ್ಷೆ ಮುಟ್ಟಲಿಲ್ಲ ಅನ್ನೋದಕ್ಕೆ ನಮ್ಮ ನಿರೀಕ್ಷೆಗೆ ಬುದ್ಧಿ ಇರಬೇಕಿತ್ತು. ಬಹ್ರೇನಿಗೆ ಕಳಿಸಿ, ಹಿಂದೆ ನಿಲ್ಲಿಸಿ. ತಪ್ಪಾದರೆ ನನ್ನನ್ನು ಕೇಳಿ." ಮೊದಲು ಚಪ್ಪಾಳೆ ತಟ್ಟಿದವರು ಲೋಬೋ.

ಸಾಮಾನು ಹೊರುವವನಾಗಿ ನಾನೂ ಹೋದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಬಹ್ರೇನಿನ ಮುಂಚೂಣಿಯವನೊಬ್ಬ ಇಬ್ಬರನ್ನು ತಪ್ಪಿಸಿಕೊಂಡು ನಮ್ಮ ಗೋಲಿನತ್ತ ನುಗ್ಗಿ ಬಂದ. ಅದೇ ಮೂಗು, ಅದೇ ಹುಬ್ಬು, ಯಾರೆಂದು ಹೇಳಬೇಕಾಗಿರಲಿಲ್ಲ. ನಾಣಯ್ಯ ಒಂದು ಹೆಜ್ಜೆ ಹಿಂದಿಟ್ಟು, ಬಗ್ಗಿ, ಅಣ್ಣನ ಸ್ಟಿಕ್ಕಿನಿಂದ ಚೆಂಡನ್ನು ಬಿಡಿಸಿಕೊಂಡು ಹೊರಟೇಬಿಟ್ಟ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಆದರೆ ನನಗಿಂತ ಮೊದಲು ಕೂಗಿದವನು, ಆಗಷ್ಟೇ ಚೆಂಡು ಕಳೆದುಕೊಂಡು ಬರಿಗೈಯಲ್ಲಿ ನಿಂತಿದ್ದ ಆ ಅಣ್ಣ. ತನ್ನ ತಂಡದವರ ಕಡೆ ತಿರುಗಿ, ಎರಡೂ ಕೈಯೆತ್ತಿ ಅರಚಿದ: "ನೋಡಿದ್ರಾ? ನನ್ನ ತಮ್ಮ ಅವನು!"