ಕಂಡೂ ಒಳಗೆ ಹೋಗದಿದ್ದರೆ ಹೇಗೆ?

ಬಳ್ಳಾರಿಯಲ್ಲಿ ಅದಿರಿನ ದುಡ್ಡು ಕುಣಿಯುತ್ತಿದ್ದ ಕಾಲ. ಊರ ತುಂಬ ಹೊಸ ಕಾರು ಬಂದವು, ನಮ್ಮ ಜೀನ್ಸ್ ಅಂಗಡಿಗೆ ಮಾತ್ರ ಗಿರಾಕಿ ಬರಲಿಲ್ಲ. ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚಿ ಅದಿರಿನ ಲಾರಿ ಓಡಿಸಲು ಹೋಗುತ್ತೇನೆ ಎಂದರು ನಮ್ಮ ಮನೆಯವರು. ಆ ಲಾರಿಗಳು ಓಡುವ ಪರಿ ದಿನಾ ನೋಡುತ್ತಿದ್ದ ನಾನು ಬೇಡವೆಂದು ಅಂಗಲಾಚಿದೆ.

ಆಗ ನೆಟ್ ಸೆಂಟರಿನವನೊಬ್ಬ ಇವರ ತಲೆಯಲ್ಲಿ ಹುಳ ಬಿಟ್ಟ. ಬಳ್ಳಾರಿ ಸುತ್ತ ಯಾರು ಕಂಪ್ಯೂಟರಿನಲ್ಲಿ ಜೀನ್ಸ್ ಹುಡುಕುತ್ತಾರೋ ಅವರಿಗಷ್ಟೇ ನಮ್ಮ ಜಾಹೀರಾತು ಕಾಣುತ್ತದಂತೆ. ಅದನ್ನು ಯಾರಾದರೂ ಒತ್ತಿದರಷ್ಟೇ, ಒತ್ತಿದ ಒಂದೊಂದು ಸಲಕ್ಕೆ ಇಷ್ಟೆಂದು ನಮಗೆ ಖರ್ಚಂತೆ. ಇವರು ಹಾಕಿಸಿಯೇ ಬಿಟ್ಟರು. ಖುಷಿ ತಡೆಯಲಾರದೆ ನಾನು ಕುರುಗೋಡಿನ ತವರಿಗೂ ಸಿರುಗುಪ್ಪದ ಇವರ ಸೋದರತ್ತೆಗೂ ಫೋನ್ ಮಾಡಿ ಹೇಳಿದೆ.

ದಿನಾ ಮಧ್ಯಾಹ್ನದೊಳಗೆ ಜಾಹೀರಾತಿಗೆ ಇಟ್ಟ ದುಡ್ಡು ಖಾಲಿ. ಒತ್ತಿದವರು ರಾಶಿ ಮಂದಿ, ಅಂಗಡಿಗೆ ಬಂದವರು ಒಬ್ಬರೂ ಇಲ್ಲ. “ನಿಮಗ ಟೋಪಿ ಹಾಕ್ಯಾನ್ರೀ ಅವ!” ಎಂದು ನಾನು ಹಾರಾಡಿದೆ. ಇವರು ಹೋಗಿ ಲಾರಿ ಮಾಲೀಕನಿಗೆ ಬರುತ್ತೇನೆಂದು ಮಾತು ಕೊಟ್ಟು ಬಂದರು.

ಹಬ್ಬ ಹತ್ತಿರವಾದಾಗ ಸೋದರತ್ತೆ ಬಸ್ಸಿಳಿದು ನೇರ ಅಂಗಡಿಗೇ ಬಂದರು. ಓಣಿಯ ಮಕ್ಕಳಿಗೆಂದು ಒಂದು ಹೊರೆ ಪ್ಯಾಂಟು ಆರಿಸಿಟ್ಟು, ನೀರು ಕುಡಿದು, ಹೆಮ್ಮೆಯಿಂದ ಇವರಿಗೆ ಹೇಳಿದರು:

“ದಿನಾ ಮುಂಜಾನೆ ನೆಟ್ ಸೆಂಟರಿಗೆ ಹೋಗಿ ನಿನ್ನ ಅಂಗಡಿ ಒತ್ತಿ ಬರ್ತೀನಪ್ಪ. ಓಣ್ಯಾಗಿನ ಮಂದೀನೂ ಕರ್ಕೊಂಡು ಹೋಗ್ತೀನಿ. ಕುರುಗೋಡಿನ ಬೀಗರೂ ಒತ್ತತಾರಂತ. ನಮ್ಮವರ ಅಂಗಡಿ ಕಂಡೂ ಒಳಗ ಹೋಗದಂಗ ಬಂದ್ರ ಚಂದ ಇರತೈತೇನು?”

ಅಯ್ಯೋ ದೇವರೇ! ನಾನಿನ್ನೇನು ಬಾಯಿ ತೆರೆಯಬೇಕು, ಇವರು ಕಣ್ಸನ್ನೆಯಲ್ಲೇ ತಡೆದರು.

“ಅದಕ್ಕ ನೋಡತ್ತಿ, ನಮ್ಮ ಅಂಗಡಿ ಇಷ್ಟು ಹೆಸರಾಗೈತಿ” ಎಂದರು. ಅತ್ತೆಯ ಮುಖ ಅರಳಿದ್ದು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅವರನ್ನು ಬಸ್ಸು ಹತ್ತಿಸಿ ಬಂದಮೇಲೆ ಜಾಹೀರಾತು ನಿಲ್ಲಿಸೋಣವೇ ಎಂದು ಕೇಳಿದೆ.

“ಹಬ್ಬದ ತನಕ ಇರ್ಲಿ. ನಾಳೆ ಅಂಗಡಿ ಕಾಣದಿದ್ರ ಅತ್ತಿ ಗಾಬರಿ ಆಗ್ತಾಳ” ಎಂದರು. ಆಮೇಲೆ ಲಾರಿ ಮಾಲೀಕನಿಗೆ ಫೋನ್ ಮಾಡಿ, “ನಾ ಬರಂಗಿಲ್ರಿ” ಅಂದುಬಿಟ್ಟರು.

ನನಗೆ ನಂಬಿಕೆಯೇ ಬರಲಿಲ್ಲ. “ಯಾಕ್ರೀ? ಹೊರಗಿನ ಗಿರಾಕಿ ಒಬ್ರೂ ಬಂದಿಲ್ಲಲ್ಲ?”

“ಇಷ್ಟು ಮಂದಿ ದಿನಾ ಬಂದು ಹೋಗ್ಯಾರ. ಬಾಗಿಲಾ ಹೆಂಗ ಹಾಕ್ಲಿ?” ಎಂದರು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ.