ಹೋಗ್ತೇನೆ ಅಮ್ಮ

ಮಣಿಪಾಲದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಲೇಖಕಿ, ಬರೆದ ತಪ್ಪಿಗೆ ತಮ್ಮ ದೇಶ ಬಿಡಬೇಕಾಗಿ ಬಂದವರು. ಕನ್ನಡ ಬೇಗ ಕಲಿತರು. ಸೊಪ್ಪು ತರಲು ಹೊರಟರೂ ತಮ್ಮ ಆತ್ಮಕಥೆಯಿದ್ದ ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಹೆಗಲಿಗೇರಿಸಿ, ಗೇಟಿನ ಹತ್ತಿರ ನಿಂತು “ಹೋಗ್ತೇನೆ ಅಮ್ಮ” ಅನ್ನುತ್ತಿದ್ದರು.

ನನ್ನ ಅತ್ತೆಗೆ ಅದು ಕೇಳಿದರೆ ಆಗುತ್ತಿರಲಿಲ್ಲ. “ಹಾಗೆ ಹೇಳಬಾರದು ಮಾರಾಯ್ತಿ. ಬರ್ತೇನೆ ಅನ್ನಬೇಕು.”

“ನನ್ನ ಅಮ್ಮನಿಗೆ ಬರ್ತೇನೆ ಅಂತ ಹೇಳಿಯೇ ಬಂದದ್ದು. ವಾಪಸು ಹೋಗಲಿಕ್ಕೆ ಆಗಲಿಲ್ಲ. ಇನ್ನು ಸುಳ್ಳು ಬೇಡ.”

ಅತ್ತೆ ಮತ್ತೆ ತಿದ್ದಲಿಲ್ಲ. ಲೇಖಕಿ ಗೇಟು ದಾಟಿದ ಮೇಲೆ ತಾವೇ ಮೆಲ್ಲಗೆ “ಬಾ, ಆಯ್ತಾ” ಅನ್ನುತ್ತಿದ್ದರು. ನನಗೆ ಯಾವತ್ತೂ ಹಾಗೆ ಅಂದದ್ದನ್ನು ನಾನು ಕಾಣೆ.

ಕಳೆದ ವರ್ಷ ಲೇಖಕಿಯ ವೀಸಾ ಮುಂದುವರಿಯುವುದೇ ಅನುಮಾನವಾಯಿತು. ಅತ್ತೆಗೆ ಊಟ ಸೇರದಾಯಿತು. ಒಂದು ಬೆಳಿಗ್ಗೆ ಅವರು ಮೆಟ್ಟಿಲಿಳಿದು ಬಂದು, “ಸಿಕ್ಕಿತು ಅಮ್ಮ, ವೀಸಾ ಸಿಕ್ಕಿತು” ಎಂದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಹಾಗಾದ್ರೆ ಇವತ್ತು ಮಟ್ಟುಗುಳ್ಳ ಬದನೆಯ ಹುಳಿ ಮಾಡುವ. ಗುಳ್ಳ ತರಬೇಕಷ್ಟೆ.”

“ನಾನು ತರ್ತೇನೆ.” ಬ್ಯಾಗನ್ನು ನಮ್ಮ ಕುರ್ಚಿಯ ಮೇಲಿಟ್ಟು, ಬರಿಗೈಯಲ್ಲಿ ಗೇಟಿನವರೆಗೆ ಹೋಗಿ ನಿಂತರು.

“ಬರ್ತೇನೆ ಅಮ್ಮ.”

ಅತ್ತೆ ಅಡುಗೆಮನೆಯಿಂದಲೇ ಗದರಿದರು: “ಬೇಗ ಬಾ. ಬೇಳೆ ಇಟ್ಟಾಯ್ತು.”