ಉಟ್ಟು ತಂದ ಸೀರೆ

ಯುದ್ಧ ಬಂದು ಬಟ್ಟೆಗೆ ಕಂಟ್ರೋಲು ಬರುವುದಕ್ಕೆ ಮುಂಚಿನ ಮಾತು. ಹುಣಸೂರಿನ ಪೇಟೆ ಬೀದಿಯಲ್ಲಿ ನಮ್ಮದೊಂದು ಜವಳಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಂಗಡಿಯ ಗದ್ದುಗೆಯ ಮೇಲೆ ನಮ್ಮ ಯಜಮಾನರು ಕೂರುತ್ತಿದ್ದರು. ಹೆಂಗಸರು ಬಂದರೆ ಅವರನ್ನು ಒಳಗೆ ಕರೆದು ಚಾಪೆ ಹಾಸಿ ಸೀರೆ ತೋರಿಸುವುದು ನನ್ನ ಕೆಲಸ.

ಆದರೆ ದೊಡ್ಡ ಮನೆಗಳ ಹೆಂಗಸರು ಆಗ ಅಂಗಡಿಗೆ ಬರುತ್ತಿದ್ದುದೇ ಕಡಿಮೆ. ಗೌರಿ ಹಬ್ಬವೋ ಮದುವೆಯೋ ಹತ್ತಿರ ಬಂದಾಗ ಹೇಳಿ ಕಳಿಸಿದರೆ, ನಾವು ಗಂಟು ಕಟ್ಟಿ ಕಳಿಸುತ್ತಿದ್ದೆವು. ಮೆಚ್ಚಿದ್ದನ್ನು ಇಟ್ಟುಕೊಳ್ಳುವುದು, ಮೆಚ್ಚದ್ದನ್ನು ವಾಪಸು ಕೊಡುವುದು. ಪಿರಿಯಾಪಟ್ಟಣದಿಂದ ಕೋಟೆ ತಾಲ್ಲೂಕಿನವರೆಗೂ ನಮ್ಮ ಗಂಟು ಹೋಗುತ್ತಿತ್ತು. ನಂಬಿಕೆಯ ವ್ಯಾಪಾರ.

ಆ ನಂಬಿಕೆಯನ್ನು ಕೆಲವರು ಉಟ್ಟು ಬಿಡುತ್ತಿದ್ದರು. ಬೇರೆ ಮಾತಿಲ್ಲ ಅದಕ್ಕೆ. ಗಂಟಿನಲ್ಲಿ ಹೋದ ರೇಷ್ಮೆ ಯಾವುದೋ ಧಾರೆಯ ಮನೆಯಲ್ಲಿ ಮೆರೆದು, ಮತ್ತೆ ಮಡಿಕೆಯಾಗಿ ‘ಬಣ್ಣ ಒಪ್ಪಲಿಲ್ಲವಂತೆ’ ಎಂದು ವಾಪಸಾಗುತ್ತಿತ್ತು. ಬಿಚ್ಚಿ ನೋಡಿದರೆ ಸೊಂಟದ ಹತ್ತಿರ ನೆರಿಗೆ ಮುರಿದ ಗೆರೆ, ಅಂಚಿನಲ್ಲಿ ಅರಿಶಿನದ ಕೈಯ ಗುರುತು, ಮಡಿಲ ಕಡೆ ಹೋಮದ ಹೊಗೆಯ ವಾಸನೆ. ಅದನ್ನು ಹೊಸದೆಂದು ಇನ್ನೊಬ್ಬರಿಗೆ ಹೇಗೆ ಮಾರುವುದು? ಯಜಮಾನರು ಹಲ್ಲು ಕಚ್ಚಿಕೊಂಡು ಅದನ್ನು ಮೂಲೆಗೆ ಹಾಕುತ್ತಿದ್ದರು. ದೊಡ್ಡವರ ಮನೆ, ಕೇಳುವ ಹಾಗಿಲ್ಲ.

ಉಪಾಯ ಹೊಳೆದದ್ದು ನನಗೆ. ಸೀರೆಯನ್ನು ಮಡಿಸಿ, ಸೆರಗು ಮಾತ್ರ ಹೊರಗೆ ಕಾಣುವ ಹಾಗೆ ಬಿಟ್ಟು, ಉಳಿದ ಮಡಿಕೆಗಳನ್ನೆಲ್ಲ ಸೇರಿಸಿ ಅಂಚಿನಲ್ಲಿ ತೆಳ್ಳಗಿನ ನೀಲಿ ದಾರದಿಂದ ಹೊಲಿಗೆ ಹಾಕಿದೆ. ಬಣ್ಣ, ಸೆರಗು, ಅಂಚು ನೋಡುವುದಕ್ಕೆ ಅಡ್ಡಿಯಿಲ್ಲ. ಉಡಬೇಕೆಂದರೆ ದಾರ ಕಿತ್ತೇ ಆಗಬೇಕು. ದಾರ ಕಿತ್ತ ಸೀರೆ ವಾಪಸಿಲ್ಲ ಎಂದು ಗಂಟು ಹೊರುವ ಮುದುಕನ ಕೈಯಲ್ಲಿ ಎಲ್ಲ ಮನೆಗೂ ಹೇಳಿಸಿದೆವು. ಉಟ್ಟು ತರುವುದು ನಿಂತೇ ಹೋಯಿತು. ಯಜಮಾನರು ಬೀದಿಯ ಇತರ ಅಂಗಡಿಯವರ ಮುಂದೆ ‘ನಮ್ಮ ಮನೆಯವಳ ತಲೆ’ ಎಂದು ಹೊಗಳಿದರು. ನನಗೂ ಕೊಬ್ಬು ಬಂದಿತ್ತು ಎಂದೇ ಹೇಳಬೇಕು.

ಗಾವಡಗೆರೆಯ ಕಡೆ ಒಂದು ದೊಡ್ಡ ಕೂಡು ಕುಟುಂಬ ನಮ್ಮ ಹಳೆಯ ಗಿರಾಕಿ. ಹಿರಿಯಣ್ಣನ ಕೈಯಲ್ಲೇ ಮನೆಯ ಬೀಗದ ಕೈ. ಅಲ್ಲಿಯ ಕಿರಿಯ ಸೊಸೆ, ಎಲ್ಲರೂ ಸಣ್ಣಮ್ಮ ಎನ್ನುತ್ತಿದ್ದವಳು, ಅವನ ತಮ್ಮನ ಹೆಂಡತಿ; ನನ್ನದೇ ವಯಸ್ಸು, ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು. ಸಂತೆಗೆ ಗಾಡಿ ಕಟ್ಟಿದಾಗೆಲ್ಲ ಬಂದು ನನ್ನ ಜೊತೆ ಕೂತು ಎಲೆ ಅಡಿಕೆ ಹಾಕಿ ಹೋಗುವಳು. ಕಣಜ ತುಂಬಿದ ಮನೆ. ಆದರೂ ಹೆಂಗಸರಿಗೆ ವರ್ಷಕ್ಕೆ ಎರಡು ನೂಲಿನ ಸೀರೆ, ಎಲ್ಲರಿಗೂ ಒಂದೇ ತರದ್ದು. ಅದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು: “ನಮ್ಮನೆ ಎಂಗಸ್ರು ಸಾಲಾಗಿ ನಿಂತ್ರೆ ಪೋಲೀಸ್ನೋರು ನಿಂತಂಗೆ ಕಣವ್ವ.”

ಒಂದು ಗೌರಿ ಹಬ್ಬಕ್ಕೆ ಅವರ ಮನೆಗೆ ಹೋದ ಗಂಟಿನಲ್ಲಿ ಒಂದು ಸೀರೆ ವಾಪಸು ಬರಲಿಲ್ಲ. ಮಾವಿನ ಚಿಗುರಿನ ಬಣ್ಣದ ರೇಷ್ಮೆ. ‘ಸಣ್ಣಮ್ಮೋರು ಇಟ್ಕಂಡವ್ರೆ, ಕೇಳಿ ಹೇಳ್ತಾರಂತೆ’ ಎಂದ ಮುದುಕ. ಹಬ್ಬ ಕಳೆದ ಮೇಲೆ ಒಂದು ಸಂತೆಯ ದಿನ ಅವಳೇ ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ತಂದಳು.

“ಒಪ್ಲಿಲ್ಲ ಕಣವ್ವ, ಮನೇಲಿ,” ಎಂದಳು. ನನ್ನ ಮುಖ ನೋಡಲಿಲ್ಲ.

ಕೈಗೆ ತೆಗೆದುಕೊಂಡ ಕೂಡಲೇ ತಿಳಿಯಿತು. ದಾರ ನೀಲಿಯೇ, ಆದರೆ ದಪ್ಪ. ಹೊಲಿಗೆ ನನ್ನದಲ್ಲ. ನಗುತ್ತಾ ಪಕ್ಕಕ್ಕಿಟ್ಟೆ, ಎಲೆ ಅಡಿಕೆ ಕೊಟ್ಟೆ, ಮಳೆ ಬೆಳೆ ಮಾತಾಡಿ ಕಳಿಸಿದೆ. ಅವಳ ಗಾಡಿ ತಿರುವು ದಾಟುವ ಮುಂಚೆಯೇ ದಾರ ಕತ್ತರಿಸಿ ಬಿಚ್ಚಿದೆ.

ಸಾಂಬ್ರಾಣಿ ಹೊಗೆಯ ವಾಸನೆ. ಎಡ ಭುಜದ ಮೇಲೆ ಬರುವ ಜಾಗದಲ್ಲಿ ಒಂದು ಗುಂಡಗಿನ ಕಲೆ, ನೀರು ಹಾಕಿ ಉಜ್ಜಿ ಒಣಗಿಸಿದ್ದು. ಮಕ್ಕಳನ್ನು ಸಾಕಿದ ಯಾವ ಹೆಂಗಸಿಗೂ ಅದೇನೆಂದು ಹೇಳಿಕೊಡಬೇಕಾಗಿಲ್ಲ. ಎತ್ತಿಕೊಂಡ ಮಗು ಹಾಲು ಕಕ್ಕಿದ್ದು. ಅವಳ ಮಗಳು ಕೋಟೆಯ ಕಡೆ ಗಂಡನ ಮನೆಯಲ್ಲಿ ಹೆತ್ತಿದ್ದಳು. ಆ ಸಂಗತಿಯೂ ನನಗೆ ಗೊತ್ತಿತ್ತು. ಎಲ್ಲ ತಿಳಿದೂ ನನಗೆ ಬಂದದ್ದು ಸಿಟ್ಟು. ನನ್ನ ಹೊಲಿಗೆಯನ್ನೇ ಕಿತ್ತು, ನನ್ನ ಎದುರಿಗೇ ಕೂತು ಎಲೆ ಮೆದ್ದಳಲ್ಲ ಎಂದು.

ಸೀರೆಯನ್ನು ಒಯ್ದು ಯಜಮಾನರ ಮುಂದೆ ಹಾಕಿದೆ. ಅವರು ಮುದುಕನನ್ನು ಕರೆದರು.

“ನೋಡಪ್ಪಾ, ಇದನ್ನ ಅವರ ಮನೆಗೇ ತಗೊಂಡು ಹೋಗು. ಹಿರಿಯಣ್ಣನ ಕೈಗೆ ಕೊಡು. ಉಟ್ಟ ಸೀರೆ ನಮಗೆ ಬೇಡ, ಇನ್ನು ಮೇಲೆ ಗಂಟು ಕಳಿಸಿದ್ರೆ ಸಣ್ಣಮ್ಮನೋರ ಕೈಗೆ ಕೊಡಬೇಡಿ ಅಂತ ಹೇಳು.”

ನಾನು ಬಾಗಿಲ ಬಳಿ ನಿಂತಿದ್ದೆ. ‘ಹಿರಿಯಣ್ಣನಿಗೆ ಬೇಡ’ ಎನ್ನುವುದಕ್ಕೆ ಒಂದು ಉಸಿರು ಸಾಕಾಗಿತ್ತು. ನನ್ನನ್ನು ಕೇಳಿದರೆ ಹೇಳೋಣವೆಂದು ಇದ್ದೆನೋ, ಹೇಳುವುದೇ ಬೇಡವೆಂದು ಇದ್ದೆನೋ, ಈಗ ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ. ಮುದುಕ ಸೀರೆ ಹೆಗಲ ಮೇಲೆ ಹಾಕಿಕೊಂಡು ಹೋದ.

ಹಿಂದಿರುಗಿ ಬಂದವನು ಅಂಗಡಿಯಲ್ಲಿ ಸೀರೆಯ ಬೆಲೆ ಕೊಟ್ಟು, ಒಳಗೆ ಬಂದು ನನಗೆ ಸುದ್ದಿ ಹೇಳಿದ. ಹಿರಿಯಣ್ಣ ಏನೂ ಕೂಗಾಡಲಿಲ್ಲವಂತೆ. ಮರ್ಯಾದೆಯ ಮಾತೆಂದು ಅಲ್ಲೇ ಬೆಲೆ ಕೊಟ್ಟನಂತೆ. ಆಮೇಲೆ ಮನೆಮಂದಿಯನ್ನೆಲ್ಲ ತೊಟ್ಟಿಯ ಅಂಗಳಕ್ಕೆ ಕರೆದು, ನಡೆದದ್ದನ್ನು ಹೇಳಿ, ಆ ಸೀರೆಯನ್ನು ತನ್ನ ಹೆಂಡತಿಯ ಕೈಗೆ ಕೊಟ್ಟನಂತೆ. “ಸಣ್ಣಮ್ಮೋರು ಕಂಬ ಹಿಡ್ಕಂಡು ನಿಂತಿದ್ರು ಕಣವ್ವ. ನಾ ಯಾಕಾರ ಓದ್ನೋ ಅನ್ನುಸ್ತು,” ಎಂದ ಮುದುಕ.

ಆಮೇಲೆ ಸಂತೆಗೆ ಆ ಮನೆಯ ಗಾಡಿ ಬಂತು, ಅವಳು ಬರಲಿಲ್ಲ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಸೀರೆ ಮಡಿಸುವಾಗ ದಾರ ಸೂಜಿಗೆ ಏರಿಸುವುದೇ ಕಷ್ಟವಾಯಿತು ನನಗೆ. ನಾವು ಮಾಡಿದ್ದು ತಪ್ಪೇ? ಉಟ್ಟದ್ದು ಅವಳು, ಮುಚ್ಚಿಟ್ಟದ್ದು ಅವಳು. ಈ ನ್ಯಾಯವನ್ನು ಎಷ್ಟು ಸಲ ಒಪ್ಪಿಸಿಕೊಂಡರೂ ಸಂತೆಯ ದಿನ ಬಾಗಿಲಿಗೆ ಬಂದು ಆ ಮನೆಯ ಗಾಡಿಯೊಳಗೆ ಇಣುಕುತ್ತಿದ್ದೆ. ಕೊನೆಗೆ ತವರಿನವರು ಕೊಟ್ಟ ನನ್ನದೇ ಒಂದು ರೇಷ್ಮೆ ಸೀರೆ ಚೀಲದಲ್ಲಿಟ್ಟುಕೊಂಡು, ನೆಂಟರ ಗಾಡಿಯಲ್ಲಿ ಗಾವಡಗೆರೆಗೆ ಹೋದೆ.

ಅವಳು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಮಣೆ ಹಾಕಿದಳು, ಮಜ್ಜಿಗೆ ತಂದುಕೊಟ್ಟಳು. ಒಂದು ಕೊರತೆಯೂ ಮಾಡಲಿಲ್ಲ. ಮತ್ತೆ ಕಾಯಿ ಬಿಡಿಸುತ್ತಾ ಕೂತಳು.

“ಮೊಮ್ಮಗಳು ಹೇಗಿದ್ದಾಳೆ?” ಎಂದೆ.

“ಸಂದಾಗವ್ಳೆ.” ಸಿಪ್ಪೆಯನ್ನು ಪಕ್ಕಕ್ಕೆ ಹಾಕುತ್ತಾ ತಾನೇ ಹೇಳಿದಳು: “ನಾಮಕರಣಕ್ಕೆ ಓಗ್ಬೇಕಿತ್ತು. ಅವ್ರು ಸ್ಥಿತಿವಂತ್ರು. ನಾನು ಈ ನೂಲ್ ಸೀರೇಲಿ ಓದ್ರೆ ನನ್ ಮಗ್ಳಿಗೆ ಅಂಗಿಸ್ತಾರೆ, ನಿಮ್ಮವ್ವ ಕೂಲಿಗ್ ಬಂದವ್ಳಾ ಅಂತ. ಒಂದಿನ ಉಟ್ಕಂಡೆ. ಕೂಸು ಎತ್ಕಂಡಾಗ ಸೀರೆ ಗ್ಯಾನವೇ ಇರ್ಲಿಲ್ಲ, ಕಕ್ಬುಡ್ತು.”

“ನನಗೆ ಆಗಲೇ ಗೊತ್ತಾಯ್ತು,” ಎಂದೆ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ್ದು.

ಅವಳು ಕೈ ನಿಲ್ಲಿಸಿದಳು. “ಗೊತ್ತಾದ್ಮೇಲೆ ನನ್ನೇ ಕೇಳ್ಬೋದಿತ್ತಲ್ಲವ್ವ. ಬೈದಿದ್ರೆ ಬೈಸ್ಕತಿದ್ದೆ. ಕೆಲ್ಸ ಮಾಡಿ ತೀರ್ಸು ಅಂದಿದ್ರೆ ತೀರುಸ್ತಿದ್ದೆ. ನೀವು ನಗ್ತಾ ಈಸ್ಕಂಡ್ರಿ. ನಾನು, ಅವ್ವಂಗೆ ತಿಳೀಲಿಲ್ಲ, ದೇವ್ರು ದೊಡ್ಡೋನು ಅಂತ ದಾರೀಲೆಲ್ಲ ಕೈ ಮುಗೀತಾ ಬಂದೆ.”

ಚೀಲದ ಸೀರೆ ತೆಗೆದು ಅವಳ ಮುಂದಿಟ್ಟೆ. ಮುಟ್ಟಲಿಲ್ಲ.

“ಎಲ್ಲಿಗ್ ಉಟ್ಕಂಡು ಓಗ್ಲಿ? ಎತ್ತಿಟ್ಕಳಿ. ಯಾರಾರ ಕಂಡ್ರೆ ಅದ್ಕೂ ಒಂದು ಮಾತಾಯ್ತದೆ.”

ಬರುವಾಗ ಅರಿಶಿನ ಕುಂಕುಮ ಕೊಟ್ಟಳು. ಗಾಡಿಯವರೆಗೆ ಬರಲಿಲ್ಲ.

ಹುಣಸೂರಿಗೆ ಬಂದ ಮೇಲೆ ಯಜಮಾನರಿಗೆ ಒಂದು ಮಾತು ಹೇಳಿದೆ. ಹೊಲಿಗೆ ಇರಲಿ, ಅದು ಬೇಕು. ಆದರೆ ವಾಪಸು ಬಂದ ಸೀರೆಯನ್ನು ತಂದವರ ಎದುರಿಗೇ, ಒಳಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು ನಾನೇ ಬಿಚ್ಚಿ ನೋಡುತ್ತೇನೆ. ಏನಿದ್ದರೂ ಅವರಿಗೂ ನನಗೂ ಇರಲಿ. ಇನ್ನೊಂದು ಮಾತು: ಮೊದಲೇ ಕಲೆಯಾಗಿ ಮೂಲೆಯಲ್ಲಿ ಬಿದ್ದಿರುವ ರೇಷ್ಮೆಗಳನ್ನು ಒಗೆಸಿ ಇಡೋಣ, ಬೇಕಾದವರು ಕೇಳಿ ಉಟ್ಟು ತಂದುಕೊಡಲಿ.

“ಇದೇನು ಜವಳಿ ಅಂಗಡೀನೋ, ಧರ್ಮಛತ್ರಾನೋ?” ಎಂದು ರೇಗಿದರು.

“ಕೇಳಿ ಉಡೋರು ಕದ್ದು ಉಡಲ್ಲ. ನೋಡಿ ಬೇಕಾದರೆ,” ಎಂದೆ.

ಗೊಣಗಿದರೂ ಬೇಡವೆನ್ನಲಿಲ್ಲ. ಮೊದಲು ಒಬ್ಬಳು ನಾಚಿಕೊಂಡು ಬಂದು ಕೇಳಿದಳು. ಬಾಯಿಂದ ಬಾಯಿಗೆ ಹರಡಿ ಆಮೇಲೆ ಹಲವರು. ಉಟ್ಟು, ಒಗೆದು, ಮಡಿಸಿ ತಂದುಕೊಡುತ್ತಿದ್ದರು. ಕೆಲವರು ಜೊತೆಗೆ ಒಂದು ಹಿಡಿ ಕೊಬ್ಬರಿಯನ್ನೋ ತೋಟದ ಹೂವನ್ನೋ ತರುತ್ತಿದ್ದರು. ಗಂಟಿನ ಸೀರೆಯ ದಾರವನ್ನು ಆಮೇಲೆ ಯಾರೂ ಕದ್ದು ಕೀಳಲಿಲ್ಲ. ಯಜಮಾನರು ಮತ್ತೆ ಹೊಗಳಿದರು. ಆ ಹೊಗಳಿಕೆಯನ್ನು ಕೇಳಿಸಿಕೊಳ್ಳಲಾರದೆ ನಾನು ಅಡಿಗೆ ಮನೆಗೆ ಎದ್ದು ಹೋಗುತ್ತಿದ್ದೆ. ಇದೇ ಬುದ್ಧಿ ಒಂದು ವರ್ಷ ಮುಂಚೆ ಬಂದಿದ್ದರೆ ಯಾರಿಗೆ ಉಪಯೋಗವಾಗುತ್ತಿತ್ತೋ ಅವಳು ಮಾತ್ರ ಕೇಳಲು ಬರಲಿಲ್ಲ.

ಯುದ್ಧ ಬಂದು ಬಟ್ಟೆಗೆ ಕಂಟ್ರೋಲು, ರೇಷನ್ ಚೀಟಿ ಬಂತು. ಗಂಟು ಕಳಿಸುವುದೂ ನಿಂತಿತು. ಆ ಕಾಲದಲ್ಲೇ ಒಂದು ಮಧ್ಯಾಹ್ನ ಅವಳ ಮಗಳು ಚೀಟಿ ಹಿಡಿದು ಅಂಗಡಿಗೆ ಬಂದಳು, ನಡೆಯುವಷ್ಟಾಗಿದ್ದ ಮಗಳ ಕೈ ಹಿಡಿದು. ನನ್ನನ್ನು ಕಂಡು ನಕ್ಕಳು. “ನಮ್ಮವ್ವ ನಿಮ್ಮ ಸುದ್ದಿ ಬಾಳ ಹೇಳೋರು ಮೊದ್ಲು. ಈಗ ಎಲ್ಗೂ ಬರಾಕಿಲ್ಲ ನೋಡಿ. ನಮ್ಮನೆಗೆ ಕರದ್ರೂ ಬರಾಕಿಲ್ಲ. ನಾನೇನ್ ಮಾಡಿದ್ನೋ ಅಂತ ಯೋಚ್ನೆ ಆಗ್ತದೆ.”

“ನೀನೇನೂ ಮಾಡಿಲ್ಲ ತಾಯಿ,” ಎಂದೆ. ಮುಂದಿನದನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು, ಅವಳ ತಾಯಿಯ ಮಾನ ಮಗಳ ಮುಂದೆಯೂ ಹೋಗುತ್ತಿತ್ತು. ಬಟ್ಟೆ ಅಳೆದು ಕೊಟ್ಟೆ. ಮಗು ಗದ್ದುಗೆಯ ಅಂಚು ಹಿಡಿದು ನನ್ನನ್ನೇ ನೋಡುತ್ತಿತ್ತು. ಅದರ ಕೈಗೆ ಒಂದು ಬೆಲ್ಲದಚ್ಚು ಕೊಟ್ಟು ಕಳಿಸಿದೆ.